ಅಂದಗೆಟ್ಟ ಕೋಶಗಳನ್ನೂ ಬಿಡದ ಎಣಿಕೆಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕೆಟಲ್ ಕುದಿಯುತ್ತಿದೆ, ಚಹಾಕ್ಕಲ್ಲ. ಗಾಳಿ ಒಣಗಿದ್ದರೆ ಗಾಜಿನ ಪಟ್ಟಿಯ ಮೇಲೆ ಬಿದ್ದ ಜೀವಕೋಶಗಳ ಹನಿ ಸರಿಯಾಗಿ ಹರಡುವುದಿಲ್ಲ. ಅದಕ್ಕೇ ಈ ಹಬೆ. ಐವತ್ತೆರಡರ ಹೆಂಗಸೊಬ್ಬರು ಗೇಣುದ್ದ ಎತ್ತರದಿಂದ ಹನಿ ಬೀಳಿಸಿ, ಬಗ್ಗಿ, ಅದರ ಮೇಲೆ ಮೆಲ್ಲಗೆ ಉಸಿರು ಬಿಡುತ್ತಾರೆ.

“ಹೊಸ ಡಾಕ್ಟ್ರೊಬ್ರು ಈ ಕೆಟಲ್‌ನಲ್ಲಿ ಕಾಫಿ ಮಾಡ್ಕೊಂಡಿದ್ರು. ನಾನು ಬೈದ್ಮೇಲೆ ಒಂದ್ವಾರ ನನ್ನ ಕಂಡ್ರೆ ದಾರಿ ಬದಲಿಸ್ತಿದ್ರು,” ಎಂದು ನಗುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ‘ಎಣಿಕೆಯಕ್ಕ’. ನಮ್ಮ ಜೀವಕೋಶವೊಂದರಲ್ಲಿ ನಲವತ್ತಾರು ವರ್ಣತಂತುಗಳಿರುತ್ತವೆ. ರಕ್ತದ ಕ್ಯಾನ್ಸರಿನಲ್ಲಿ ಅವು ಮುರಿಯುತ್ತವೆ, ಕಳೆದುಹೋಗುತ್ತವೆ, ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಏನು ಕೆಟ್ಟಿದೆ ಎಂದು ತಿಳಿದರೆ ಯಾವ ಔಷಧಿ ಎಂದು ತೀರ್ಮಾನಿಸುವುದು ಸುಲಭ. ಒಗೆದ ಕಾಲುಚೀಲಗಳನ್ನು ಜೋಡಿ ಮಾಡುವಂತೆ, ಮೈಮೇಲಿನ ಪಟ್ಟೆ ನೋಡಿ ವರ್ಣತಂತುಗಳನ್ನು ಜೋಡಿಸುವುದು ಅಕ್ಕನ ಕೆಲಸ. ಒಬ್ಬ ರೋಗಿಗೆ ಇಪ್ಪತ್ತು ಕೋಶ, ದಿನಕ್ಕೆ ಐದು ರೋಗಿಗಳು. ಹೀಗೆ ಇಪ್ಪತ್ತಾರು ವರ್ಷ. ಕತ್ತು ಈಗ ಪೂರ್ತಿ ಎಡಕ್ಕೆ ತಿರುಗುವುದಿಲ್ಲ.

“ಬಟಾಣಿ ಬಿಡಿಸೋಕೆ ಕೂರಿಸಿದ್ರೂ ಎಣಿಸ್ತಾಳೆ ನಮ್ಮ ಸೊಸೆ. ಅಡುಗೆ ಮಧ್ಯಾಹ್ನಕ್ಕಲ್ಲ, ಮುಂದಿನ ವಾರಕ್ಕೆ!” ಎಂದು ಅವರ ಅತ್ತೆ ರೇಗಿಸುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಕ್ಕ ಒಂದು ತಪ್ಪು ಮಾಡಿದ್ದರು. ಚೆನ್ನಾಗಿ ಹರಡಿಕೊಂಡ, ಪಟ್ಟೆ ಸ್ಪಷ್ಟವಿದ್ದ ಇಪ್ಪತ್ತು ಕೋಶಗಳನ್ನೇ ಆರಿಸಿ, ಎಲ್ಲ ಸರಿಯಿದೆ ಎಂದು ಬರೆದುಬಿಟ್ಟರು. ಕ್ಯಾನ್ಸರಿನ ಕೋಶಗಳೋ ಬಹಳ ಸಲ ಮಸುಕಾಗಿ, ಮುದ್ದೆಯಾಗಿ ಬಿದ್ದಿರುತ್ತವೆ.

“ನಮ್ಮ ಹಿರಿಯರು ಬೈದ್ರು, ‘ಚೆಂದ ನೋಡಿ ಆರಿಸೋಕೆ ಇದೇನು ಹೂವಿನ ಅಂಗಡೀನಾ?’ ಅಂತ. ಆ ಮನುಷ್ಯನಿಗೆ ಸರಿಯಾದ ಔಷಧಿ ಮೂರು ವಾರ ತಡವಾಯ್ತು. ಬದುಕಿಕೊಂಡ್ರು, ನನ್ನ ಪುಣ್ಯ.”

ಇಂದು ಬೆಳಿಗ್ಗೆ ಹನಿ ಬೀಳಿಸಿದ್ದು ಮೂರನೇ ಮಹಡಿಯ ಏಳು ವರ್ಷದ ಹುಡುಗಿಯ ಮೂಳೆಮಜ್ಜೆಯದು. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಇಪ್ಪತ್ತೆರಡನೆಯದು ಗಿಡ್ಡವಾಗಿದ್ದರೆ, ಅದಕ್ಕೆಂದೇ ಒಂದು ಮಾತ್ರೆಯಿದೆ. ಹತ್ತು ಗಂಟೆಯ ಹೊತ್ತಿಗೆ ಕಂಪ್ಯೂಟರ್ ಆರಿಸಿಕೊಟ್ಟ ಇಪ್ಪತ್ತು ಕೋಶ ಮುಗಿಯುತ್ತವೆ. ಹತ್ತೊಂಬತ್ತು ಸರಿ, ಒಂದರಲ್ಲಿ ಆ ಅದಲುಬದಲು. ಒಂದೇ ಕೋಶವನ್ನು ನಂಬಿ ವರದಿ ಬರೆಯುವಂತಿಲ್ಲ, ಎರಡಾದರೂ ಬೇಕು.

ಮಕ್ಕಳ ವಾರ್ಡಿನ ವೈದ್ಯೆ ಬಾಗಿಲಲ್ಲೇ ನಿಂತು ಕೇಳುತ್ತಾರೆ, “ಏನಾಯ್ತಕ್ಕ? ಹನ್ನೊಂದಕ್ಕೆ ಔಷಧಿ ಶುರು ಮಾಡ್ಬೇಕು. ಮೇಲೆ ಅವರಮ್ಮ ಕಾಯ್ತಿದ್ದಾರೆ.”

“ಒಂದು ಸಿಕ್ಕಿದೆ ಡಾಕ್ಟ್ರೇ. ಒಂದು ಗಂಟೆ ಕೊಡಿ.”

“ಕಂಪ್ಯೂಟರ್ ಒಳ್ಳೇ ಕೋಶ ಎಲ್ಲ ಮುಗೀತು ಅಂತಿದೆಯಲ್ಲ?”

“ಅದು ಒಳ್ಳೇದನ್ನ ಆರಿಸ್ತು. ನಾನು ಕೆಟ್ಟದ್ದನ್ನ ನೋಡ್ತೀನಿ.”

ವೈದ್ಯೆ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಕಂಪ್ಯೂಟರ್ ತಳ್ಳಿಹಾಕಿದ್ದ ಮುದ್ದೆಗಳನ್ನು ಅಕ್ಕ ಒಂದೊಂದಾಗಿ ಬಿಡಿಸಿ ನೋಡುತ್ತಾರೆ, ಸಿಕ್ಕುಗಟ್ಟಿದ ಕೂದಲನ್ನು ಮಗುವಿಗೆ ನೋಯದಂತೆ ಬಾಚುವ ಹಾಗೆ. ಮೂವತ್ತು. ಮೂವತ್ತೈದು. ನಲವತ್ತೊಂದನೆಯದರಲ್ಲಿ ಕೈ ನಿಲ್ಲುತ್ತದೆ. ಮಸುಕು ಪಟ್ಟೆ, ಗಿಡ್ಡನೆಯ ಇಪ್ಪತ್ತೆರಡು. ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕರೆದು, ತಾವೇನೂ ಹೇಳದೆ ತೋರಿಸುತ್ತಾರೆ. ಅವರೂ ಅದೇ ಅದಲುಬದಲು ಎನ್ನುತ್ತಾರೆ. ವೈದ್ಯೆ ಮೆಟ್ಟಿಲು ಹತ್ತಿ ಓಡುತ್ತಾರೆ.

ಆ ಹುಡುಗಿಯನ್ನು ನೋಡಬೇಕೆನಿಸುವುದಿಲ್ಲವೇ ಎಂದರೆ ಅಕ್ಕ ಕನ್ನಡಕ ತೆಗೆದು ಒರೆಸುತ್ತಾರೆ.

“ಯಾಕೆ? ಅವಳು ಆಟ ಆಡ್ಕೊಂಡಿರ್ಲಿ. ಮೂರು ತಿಂಗಳಾದ್ಮೇಲೆ, ಔಷಧಿ ಹಿಡೀತಾ ಅಂತ ನೋಡೋಕೆ ಅವಳ ಮಜ್ಜೆ ಮತ್ತೆ ಬರುತ್ತೆ ನನ್ನ ಹತ್ರ. ಆಗ ಇಡೀ ದಿನ ಹುಡುಕ್ತೀನಿ. ಹುಡುಕಿ ಹುಡುಕಿ ನನ್ನ ಕಣ್ಣು ಸೋಲ್ಬೇಕು, ಅಂಥ ಕೋಶ ಒಂದೂ ಸಿಗಬಾರದು. ಅಷ್ಟೇ ನನ್ನಾಸೆ.”