ಕೆಂಪು ದಾರ, ಕೆಂಪು ಸಾಲು

ಅಂದು ಬೆಳಿಗ್ಗೆ ಇಡ್ಲಿ ಬೇಯಿಸಿದೆ, ಇವರ ಡಬ್ಬಿ ಕಟ್ಟಿದೆ, ಹಿಂದಿನ ದಿನದ ಬಟ್ಟೆ ಮಡಿಸಿಟ್ಟೆ, ಉತ್ತರಹಳ್ಳಿಯಲ್ಲಿ ಬಸ್ಸು ಹಿಡಿದು ಜಯನಗರದ ಹೊಲಿಗೆ ಅಂಗಡಿಗೆ ಹೋದೆ, ರವಿಕೆ ಬಟ್ಟೆಗಳಿಗೆ ಗುರುತಿಗೆ ಕಟ್ಟಿದ್ದ ದಾರ ಬದಲಾಯಿಸಿದೆ. ಆ ವಾರ ಕೊಡಬೇಕಾದದ್ದಕ್ಕೆ ಹಳದಿ ದಾರ. ಇನ್ನೆರಡೇ ದಿನ ಎನ್ನುವಾಗ ಅದನ್ನು ಬಿಚ್ಚಿ ಕೆಂಪು.

ಮೊದಲೆಲ್ಲ ಅಂಗಡಿಯ ಮೇಡಂ ಬಂದೊಡನೆ, "ಇವತ್ತು ಯಾವ್ದು ಮುಗೀಬೇಕ್ರೀ?" ಎಂದು ನನ್ನನ್ನೇ ಕೇಳುತ್ತಿದ್ದರು. ಆ ಒಂದು ಮಾತಿಗಾಗಿಯೇ ನಾನು ಬೇಗ ಹೋಗುತ್ತಿದ್ದದ್ದು.

ಧಾರವಾಡದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಹುಡುಗಿ ಸೇರಿದ ಮೇಲೆ ಆ ಪ್ರಶ್ನೆ ಹೊಸ ಕಂಪ್ಯೂಟರಿನ ಕಡೆ ತಿರುಗಿತು. ಅವಳು ಆರ್ಡರುಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ, ಕಂಡೀಷನಲ್ ಫಾರ್ಮ್ಯಾಟಿಂಗ್ ಅಂತ ಏನೋ ಮಾಡಿದ್ದಳು. ಕೊಡುವ ತಾರೀಖು ಹತ್ತಿರವಾದಂತೆ ಇಡೀ ಸಾಲು ತಾನೇ ಹಳದಿಯಾಗಿ, ಆಮೇಲೆ ಕೆಂಪಾಗುತ್ತಿತ್ತು. ಬಣ್ಣ ನನ್ನ ದಾರದ್ದೇ. ಅದನ್ನು ಯಾರೂ ಹೇಳಲಿಲ್ಲ.

"ನೀವು ನೋಡಿ, ಇಷ್ಟು ವರ್ಷ ದಾರ ಕಟ್ಕೊಂಡೇ ಕೂತಿದ್ರಿ" ಎಂದು ಮೇಡಂ ನಕ್ಕರು.

ಆ ವಾರದಿಂದ ಹೊಸ ಆರ್ಡರುಗಳನ್ನು ನಾನೂ ಟೈಪು ಮಾಡತೊಡಗಿದ್ದೆ. ಅವಳು ಹಾಕಿದ ಸಾಲು ಕೆಂಪಾಗುತ್ತಿತ್ತು, ನನ್ನದು ಬೆಳ್ಳಗೇ ಉಳಿಯುತ್ತಿತ್ತು. ಯಂತ್ರಕ್ಕೂ ಅವಳೇ ಬೇಕು ಎಂದುಕೊಂಡೆ.

ಅಂದು ಸಂಜೆ ಮೇಡಂ ಪರದೆ ನೋಡಿ, "ಕೆಂಪು ಇನ್ನೇನಿಲ್ಲ. ಮಾಸ್ಟ್ರೇ, ಹೊರಡಿ" ಎಂದರು. ಹೊಲಿಯದ ಬಟ್ಟೆಗಳ ರಾಶಿಯಲ್ಲಿ ಕೆಂಪು ದಾರವೊಂದು ಇಣುಕುತ್ತಿತ್ತು. ಮದುಮಗಳ ರೇಷ್ಮೆ ರವಿಕೆ.

"ಮೇಡಂ, ಇದು ನಾಳೆ ಬೆಳಿಗ್ಗೇನೇ ಕೊಡ್ಬೇಕು."

ಮಾಸ್ಟರು ಗೊಣಗುತ್ತ ಮತ್ತೆ ಮಿಷನ್ನಿಗೆ ಕೂತರು. ಹುಡುಗಿ ನನ್ನ ಸಾಲು ಹುಡುಕಿದಳು.

"ಅಕ್ಕಾರ, ತಾರೀಖಿನ ನಡುವ ಚುಕ್ಕಿ ಇಟ್ಟೀರಿ ನೋಡ್ರಿ. ಹಂಗಿಟ್ರ ಇದಕ್ಕ ತಾರೀಖು ಅಂತ ತಿಳಿಯಂಗಿಲ್ಲ. ಓರೆ ಗೆರಿ ಹಾಕ್ರಿ."

ಬಿಲ್ಲಿನಲ್ಲಿ ಎಂದಿನಿಂದಲೂ ಬರೆಯುವ ಹಾಗೆಯೇ ಬರೆದಿದ್ದೆ. ಅವಳು ತಿದ್ದಿದ್ದೇ ತಡ, ಸಾಲು ಕೆಂಪಾಯಿತು.

"ನಿಮ್ಮ ದಾರ ಇರಲಿಲ್ಲಂದ್ರ ಮದುಮಗಳು ನಮ್ಮನ್ನ ಸುಮ್ನ ಬಿಡ್ತಿದ್ದಿಲ್ಲರಿ" ಎಂದಳು.

"ಸದ್ಯ, ತಪ್ಪೆಲ್ಲಿದೆ ಅಂತ ಈ ಹುಡುಗಿ ಕಂಡುಹಿಡಿದ್ಲಲ್ಲ" ಎಂದರು ಮೇಡಂ. ಅದೇ ರವಿಕೆಗೆ ಹಾಕಬೇಕಾದ ಹುಕ್ಕುಗಳನ್ನು ಆರಿಸುತ್ತ ನಾನು ಅಲ್ಲೇ ಕೂತಿದ್ದೆ. ಹೊರಡುವಾಗ ಅವರು, "ನಾಳೆ ಇನ್ನೇನೇನಿದೆ?" ಎಂದರು. ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಅವರು ತಲೆಯಾಡಿಸಿದ್ದು ಅವಳ ಕಡೆಗೆ.

ರಾತ್ರಿ ಅನ್ನ, ಹುರುಳಿಕಾಯಿ ಹುಳಿ, ಮಜ್ಜಿಗೆ. ಹಿಂದಿನ ವಾರ ಆ ಹುಡುಗಿ ಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ನಾನು ಮುಚ್ಚಳ ತೆಗೆಯದೆ ಹಿಂದಕ್ಕೆ ಸರಿಸಿಟ್ಟಿದ್ದೆ. ಇವರು ಅದನ್ನೇ ಹುಡುಕಿ ತೆಗೆದರು.

"ಸಖತ್ತಾಗಿದೆ ಕಣೇ. ಯಾರು ಮಾಡಿದ್ದು?"

"ಯಾರೋ ಕೊಟ್ರು."

ತುಪ್ಪ ಬಿಟ್ಟುಕೊಂಡು ನಾನೂ ಎರಡು ತುತ್ತು ಕಲಸಿದೆ. ನಿಜವಾಗಿಯೂ ಚೆನ್ನಾಗಿತ್ತು. ಇವರೇ ಮೊದಲು ಮಲಗಿದರು; ನನಗೆ ಬೇಗ ನಿದ್ದೆ ಹತ್ತಲಿಲ್ಲ.