ಎಡಮಗ್ಗುಲಿಗೆ ಹೊರಳಿಸಿದಾಗ

ಮಾನಿಟರಿನಲ್ಲಿ ಕೇಳುತ್ತಿದ್ದ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಇದ್ದಕ್ಕಿದ್ದಂತೆ ನಿಧಾನವಾಯಿತು. ಹೊಳೆನರಸೀಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು, ಹೆರಿಗೆ ನೋವಿನಲ್ಲಿ ಅಂಗಾತ ಮಲಗಿದ್ದ ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಡಾಕ್ಟರನ್ನು ಕೂಗಿದೆ. ಅವರು ಬರುವಷ್ಟರಲ್ಲಿ ಬಡಿತ ಮೊದಲಿನ ಓಟಕ್ಕೆ ಮರಳಿತ್ತು.

ಹಳ್ಳಿಮೈಸೂರಿನಿಂದ ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ನನ್ ಚೊಚ್ಚಲು ಕೂಸು ಒಟ್ಟೇಲೇ ಓಗ್ಬುಡ್ತು ಕಣವ್ವ. ಆವತ್ತು ನನ್ನೂ ಯಾರಾರ ಇಂಗೆ ಎಡಕ್ಕೆ ಮಲಗ್ಸಿದ್ರೆ ಉಳ್ಕತಿತ್ತಾ?"

"ಹೇಳೋಕಾಗಲ್ಲ ಅಜ್ಜಿ" ಎಂದೆ. ಅವರು ಮಾನಿಟರಿನ ಹತ್ತಿರ ಸರಿದು, ಕಿವಿಗೊಟ್ಟು ಕುಳಿತರು. "ಅದ್ರ ಸದ್ದೂ ಇಂಗೇ ಇದ್ದಿರ್ಬೇಕು" ಎಂದರು.

ಮಧ್ಯಾಹ್ನ ಮರಿಮೊಮ್ಮಗು ಜೋರಾಗಿ ಅತ್ತಿತು, ಅಜ್ಜಿ ನಕ್ಕರು. ನಾನು ಮಾತ್ರ ಈಗಲೂ ಯಾರನ್ನೇ ಎಡಕ್ಕೆ ಹೊರಳಿಸಿದರೂ, ಅಂದು ಯಾರೂ ಕೇಳಿಸಿಕೊಳ್ಳದೆ ಹೋದ ಅಜ್ಜಿಯ ಆ ಚೊಚ್ಚಲು ಕೂಸಿನ ಬಡಿತಕ್ಕಾಗಿ ಒಂದು ಕ್ಷಣ ಕಾಯುತ್ತೇನೆ.