ಸೆರಗಿಗೆ ಅರಿಶಿನದ ಕೊಂಬು

ಚನ್ನಪಟ್ಟಣದ ಸ್ಟೇಷನ್ ರಸ್ತೆಯಲ್ಲಿ ಸರಸಮ್ಮನದು ಹಳೆ ರೇಷ್ಮೆ ಸೀರೆ ಅಂಗಡಿ. ಹಳೆಯದೆಂದರೆ ಚಿಂದಿಯಲ್ಲ. ಅಜ್ಜಿಯರು ಉಟ್ಟದ್ದು, ಈಗ ಯಾರೂ ನೇಯದ ಅಂಚಿನದು. ಗಂಡ ದೇವರಾಜು ಊರೂರು ಸುತ್ತಿ ತರುತ್ತಿದ್ದ. ಸರಸಮ್ಮ ಅಂಟುವಾಳದ ನೊರೆಯಲ್ಲಿ ಒಗೆದು ನೆರಳಲ್ಲಿ ಒಣಗಿಸುತ್ತಿದ್ದಳು. ಹರಿದದ್ದನ್ನು ನೂರ್ಜಹಾನ್ ಮಧ್ಯಾಹ್ನದ ಮೇಲೆ ಬಂದು ರಫು ಮಾಡುತ್ತಿದ್ದಳು. ಅವಳು ಕೈಯಿಟ್ಟರೆ ತೂತು ಎಲ್ಲಿತ್ತೆಂದು ಸೀರೆಗೇ ಮರೆತುಹೋಗುತ್ತಿತ್ತು.

ಸೀರೆ ಉಟ್ಟವರು ಇದ್ದಾರೋ ಇಲ್ಲವೋ, ಯಾರಿಗೆ ಗೊತ್ತು. ಅದಕ್ಕೇ ಮಾರುವಾಗ ಸರಸಮ್ಮ ಸೆರಗಿನ ತುದಿಗೆ ಅರಿಶಿನದ ಕೊಂಬು ಕಟ್ಟಿ ಕೊಡುತ್ತಿದ್ದಳು. ಕಟ್ಟಿದರೆ ಹಳೆ ಮನೆಯ ಋಣ ತೀರಿತೆಂದು ನಂಬಿಕೆ. ಮದುವೆ ಮನೆಯವರು ಆ ಗಂಟಿಗಾಗಿಯೇ ಅಲ್ಲಿಗೆ ಬರುತ್ತಿದ್ದರು.

ಶಿವರಾತ್ರಿಯ ಹಿಂದಿನ ವಾರ ದೇವರಾಜು ಎದೆನೋವು ಅಂದ, ಹೋದ. ಮೂರು ತಿಂಗಳು ಅಂಗಡಿ ಬಾಗಿಲು ತೆರೆಯಲಿಲ್ಲ. ತೆರೆದ ಮೇಲೆ ಮದುವೆಯವರು ಬರಲಿಲ್ಲ. ಅವರು ಬಾರದಿದ್ದರೆ ಅಂಗಡಿ ನಡೆಯುವುದಿಲ್ಲ. ಸರಸಮ್ಮ ದಿನವಿಡೀ ಮಡಿಸಿದ್ದನ್ನೇ ಮಡಿಸುತ್ತಿದ್ದಳು.

ಆಷಾಢ ಕಳೆದು ಒಂದು ಮಧ್ಯಾಹ್ನ ಕೈಲಾಂಚದ ಲತಾಮಣಿ ಬಂದಳು. ಮಗಳ ಮದುವೆ. ಎಲೆಹಸಿರಿನ, ಕೆಂಪಂಚಿನ ಸೀರೆ ಹಿಡಿಸಿತು. ಇಪ್ಪತ್ತು ವರ್ಷ ಕಟ್ಟಿದ ಕೈ, ಮನಸ್ಸನ್ನು ಕೇಳಲಿಲ್ಲ. ಸರಸಮ್ಮ ಕೊಂಬು ತೆಗೆದಳು, ಕಟ್ಟಿಬಿಟ್ಟಳು.

"ಅಯ್ಯೋ ಸರಸಕ್ಕ, ನೀವ್ಯಾಕ್ ಕಟ್ಟುದ್ರಿ?" ಲತಾಮಣಿ ಕೈ ಹಿಂದೆ ತೆಗೆದಳು. "ತಪ್ ತಿಳ್ಕಬ್ಯಾಡಿ. ಮದ್ವೆ ಸೀರೆ ಅಲ್ವಾ. ನಮ್ಮತ್ತೆ ಕೇಳುದ್ರೆ ಏನೇಳ್ಲಿ?"

ಸರಸಮ್ಮ ಸೆರಗನ್ನು ಕೈಯಿಂದ ಬಿಟ್ಟಳು. ಇವಳು ಬರಿಗೈಯಲ್ಲಿ ಹೋದರೆ ನಾಳೆ ಹೊತ್ತಿಗೆ ಹೋಬಳಿಗೆಲ್ಲ ಸುದ್ದಿ. ಆಮೇಲೆ ಬೀಗ ಹಾಕುವುದೊಂದೇ ಬಾಕಿ.

ಮೂಲೆಯಲ್ಲಿ ನೂರ್ಜಹಾನ್ ಹಲ್ಲಲ್ಲಿ ದಾರ ಕಡಿದಳು. "ನನ್ ಗಂಡ ಅವ್ನೆ ಕಣಕ್ಕ. ದುಡಿಯಾಕಿಲ್ಲ, ಆದ್ರೂ ಅವ್ನೆ. ನಾನ್ ಕಟ್ಲಾ?"

ತಮಾಷೆಗೆ ಅಂದದ್ದು. ಲತಾಮಣಿ ನಗಲಿಲ್ಲ. ನೂರ್ಜಹಾನಳ ಕೈತುಂಬ ಇದ್ದ ಬಳೆಗಳನ್ನು ನೋಡಿದಳು.

"ಕಟ್ಟವ್ವ. ಗಂಡ ಅವ್ನಲ್ಲ, ಅಷ್ಟ್ ಸಾಕು."

ಸರಸಮ್ಮ ತಾನು ಹಾಕಿದ ಗಂಟನ್ನು ತಾನೇ ಬಿಚ್ಚಿದಳು. ಬಿಗಿ ಗಂಟು, ಉಗುರು ನೊಂದಿತು. ಕೊಂಬು ನೂರ್ಜಹಾನ್ ಕೈಗೆ ಹೋಯಿತು. ಸೂಜಿಯ ಕೈ, ಗಂಟು ಸಡಿಲವಾಗಿಯೇ ಬಿತ್ತು.

"ಒಸಿ ಬಿಗಿ ಮಾಡೇ, ದಾರೀಲಿ ಬಿದ್ದೋಯ್ತದೆ," ಅಂದಳು ಸರಸಮ್ಮ.

ಲತಾಮಣಿ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. "ನಮ್ ವಾರಗಿತ್ತಿ ಮಗಂದೂ ಮದ್ವೆ ಐತೆ. ಅವ್ಳನ್ನೂ ಕರ್ಕಂಡ್ ಬತ್ತೀನಿ," ಎಂದು ಮೆಟ್ಟಿಲಿಳಿದಳು.

ನೂರ್ಜಹಾನ್ ತಲೆಯೆತ್ತಲಿಲ್ಲ. "ತಮಾಸೆಗೆ ಅಂದ್ಬುಟ್ಟೆ ಅಕ್ಕ."

"ಅಂದಿದ್ದೇ ಒಳ್ಳೇದಾಯ್ತು ಬುಡು." ಸರಸಮ್ಮ ಅರಿಶಿನದ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. "ನಾಳಿಂದ ಬೆಳಿಗ್ಗೇನೇ ಬಾ. ಮದ್ವೆಯೋರು ಮಧ್ಯಾಹ್ನದ ಗಂಟ ಕಾಯಾಕಿಲ್ಲ."